ನಮ್ಮ ಪಿಜಿ ವೈಫೈನಲ್ಲಿ ಲಿನಕ್ಸ್ ಯಾರದ್ದು?

1/9
ಫೋಟೋದಲ್ಲಿರೋದು ನಮ್ಮ ಪಿಜಿ ರೌಟರ್. ಮೆಟ್ಟಿಲ ಕೆಳಗೆ ಚಪ್ಪಲಿ ಸ್ಟ್ಯಾಂಡ್ ಮೇಲೆ ಧೂಳು ಹಿಡಿದು ಕೂತಿದೆ. ಎರಡು ಕೊಂಬು, ನಾಲ್ಕು ಹಸಿರು ಲೈಟು. ಇದರ ಫೋಟೋ ಯಾಕೆ ಹಾಕಿದಾನೆ ಅಂತ ನಗಬೇಡಿ. ಕಳೆದ ಸೆಮಿಸ್ಟರ್‌ನಲ್ಲಿ ಈ ಡಬ್ಬದ ದೆಸೆಯಿಂದ ನನ್ನ ರೂಮ್‌ಮೇಟ್ ಕಾಲೇಜು ಬಿಡೋ ಹಂತಕ್ಕೆ ಹೋಗಿದ್ದ. ಅದರಲ್ಲಿ ನನ್ನ ಪಾಲೂ ಇದೆ. ಸ್ಟೋರಿಯಲ್ಲಿ ಹಾಕಿದ್ರೆ 24 ಗಂಟೆಗೆ ಮಾಯ ಆಗುತ್ತೆ, ಅದಕ್ಕೇ ಪೋಸ್ಟ್. ಒಂಬತ್ತು ಭಾಗ ಇದೆ. ಹೋದ ಸಲ ಜಿಎಸ್‌ಟಿ ಸರಣಿ ಬರೆದಾಗ "ಉದ್ದ ಆಯ್ತು ಗುರು" ಅಂದವರು ಈಗಲೇ ಸೇವ್ ಮಾಡ್ಕೊಂಡು ಆಮೇಲೆ ಓದಿ.

ನಾನು ಬಿಕಾಂ. ನನಗೆ ಕಂಪ್ಯೂಟರ್ ಅಂದ್ರೆ ಟ್ಯಾಲಿ, ಎಕ್ಸೆಲ್ ಅಷ್ಟೇ. ರೂಮ್‌ಮೇಟ್ ಬಿಸಿಎ. ಅವನ ಹೆಸರು ಬರೆಯಲ್ಲ, ರೂಮಿ ಅಂತೀನಿ. ಹಿರಿಯೂರು ತಾಲ್ಲೂಕಿನವನು, ಅಪ್ಪನಿಗೆ ಮೂರೆಕರೆ ಶೇಂಗಾ ಹೊಲ. ಪಿಜಿ ಇರೋದು ತುಮಕೂರಲ್ಲಿ. ಕಾಲೇಜಿನ ಹೆಸರೂ ಬೇಡ. ಗೊತ್ತಿರೋರು ಕಾಮೆಂಟಲ್ಲಿ ಬರೀಬೇಡಿ, ಪ್ಲೀಸ್.

ರೂಮಿಯದ್ದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ವಿಂಡೋಸ್ 10 ಇದ್ದಾಗ ಬಟನ್ ಒತ್ತಿ, ಹೋಗಿ ಸ್ನಾನ ಮಾಡ್ಕೊಂಡು ಬರಬಹುದಿತ್ತು. ಅದಕ್ಕೆ ಅದನ್ನ ತೆಗೆದು ಲಿನಕ್ಸ್ ಮಿಂಟ್ ಹಾಕ್ಕೊಂಡ. ಹ್ಯಾಕರ್ ಆಗಬೇಕು ಅಂತಲ್ಲ. ಹೊಸ ಲ್ಯಾಪ್‌ಟಾಪ್‌ಗೆ ದುಡ್ಡಿರಲಿಲ್ಲ.

2/9
ಕಾಲೇಜಿನ ವೆಬ್‌ಸೈಟಲ್ಲಿ ಒಂದು ಫೀಡ್‌ಬ್ಯಾಕ್ ಫಾರ್ಮ್ ಇದೆ, ಹೆಸರು ಹಾಕದೇ ಬರೀಬಹುದು. ಒಂದು ರಾತ್ರಿ ಯಾರೋ ಅದರಲ್ಲಿ ಒಬ್ಬರು ಮೇಡಂ ಬಗ್ಗೆ ತೀರಾ ಕೊಳಕಾಗಿ ಬರೆದಿದ್ರು. ಏನು ಬರೆದಿದ್ರು ಅಂತ ಇಲ್ಲಿ ಹೇಳಲ್ಲ. ಮೇಡಂ ಮೂರು ದಿನ ಕಾಲೇಜಿಗೆ ಬರಲಿಲ್ಲ. ನಮಗೆ ಕಾಸ್ಟ್ ಅಕೌಂಟಿಂಗ್ ತಲೆಗೆ ಹತ್ತಿದ್ದೇ ಅವರಿಂದ. ಬರೆದವನು ಸಿಗಬೇಕು ಅಂತ ನನಗೂ ಸಿಟ್ಟಿತ್ತು, ಅದನ್ನ ಮೊದಲೇ ಹೇಳ್ಬಿಡ್ತೀನಿ.

ಲ್ಯಾಬ್ ಸರ್ ಲಾಗ್ ತೆಗೆದು ನೋಡಿದ್ರು. ಅದರಲ್ಲಿ ಟೈಮ್ ಇತ್ತು, ಐಪಿ ಅಡ್ರೆಸ್ ಇತ್ತು, ಬೇರೇನೂ ಇರಲಿಲ್ಲ. ಅದೇ ಅಡ್ರೆಸ್ಸಿಂದ ನಮ್ಮ ಪಿಜಿಯ ಐದಾರು ಜನ ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಿದ್ರು. ಅಲ್ಲಿಗೆ ಪಿಜಿ ಯಾವುದು ಅಂತ ತೀರ್ಮಾನ ಆಯ್ತು. ಹದಿನಾಲ್ಕು ಹುಡುಗರಲ್ಲಿ ಯಾರು ಅನ್ನೋದು ಬಾಕಿ. ಸರ್ ಎನ್‌ಮ್ಯಾಪ್ ಅನ್ನೋ ಸ್ಕ್ಯಾನಿಂಗ್ ಟೂಲ್ ಓಪನ್ ಮಾಡಿ, ಆ ಅಡ್ರೆಸ್ಸಿಗೆ ಆಪರೇಟಿಂಗ್ ಸಿಸ್ಟಂ ಯಾವುದು ಅಂತ ಸ್ಕ್ಯಾನ್ ಹೊಡೆದ್ರು. ಉತ್ತರ ಬಂತು: ಲಿನಕ್ಸ್.

ಶುಕ್ರವಾರ ಮಧ್ಯಾಹ್ನ ಕಾರಿಡಾರಲ್ಲಿ ಸರ್ ನನ್ನ ನಿಲ್ಲಿಸಿದ್ರು.

"ಏನಪ್ಪ, ನಿಮ್ಮ ಪಿಜಿಯಲ್ಲಿ ಲಿನಕ್ಸ್ ಯೂಸ್ ಮಾಡೋರು ಯಾರಾದ್ರೂ ಇದಾರಾ?"

"ಇದಾನಲ್ಲ ಸರ್, ನನ್ನ ರೂಮ್‌ಮೇಟೇ."

"ಅವನೊಬ್ಬನೇನಾ?"

"ಅವನೊಬ್ಬನೇ ಸರ್. ಬೇರೆಯವರದ್ದೆಲ್ಲ ವಿಂಡೋಸು."

ಯಾಕೆ ಕೇಳ್ತಿದಾರೆ ಅಂತ ನಾನು ಕೇಳಲಿಲ್ಲ. ನಿಜ ಹೇಳ್ಬೇಕಂದ್ರೆ, ಬಿಕಾಂನವನಾಗಿ ನನಗೆ ಇಷ್ಟೆಲ್ಲ ಗೊತ್ತು ಅಂತ ಒಳಗೊಳಗೇ ಖುಷಿ. ಸಂಜೆ ಐದಕ್ಕೆ ರೂಮಿಯನ್ನ ಕರೆಸಿದ್ರು, ಆರಕ್ಕೆ ಅವನ ಅಪ್ಪನಿಗೆ ಫೋನ್ ಹೋಯ್ತು. ಸೋಮವಾರ ಬಂದು ಕಾಣಬೇಕು ಅಂತ.

3/9
ಈಗ ವಿಷಯಕ್ಕೆ ಬರೋಣ. ಒಂದು ಅಡ್ರೆಸ್, ಹದಿನಾಲ್ಕು ಹುಡುಗರು ಅಂದ್ರೆ ಹೇಗೆ?

ಈ ಫೋಟೋ ಪಿಜಿ ಆಂಟಿಯ ಕೊರಿಯರ್ ಬುಕ್ಕು. ನಾವು ಯಾರೇ ಏನೇ ಆರ್ಡರ್ ಮಾಡಲಿ, ಬರೋದು ಪಿಜಿಯ ವಿಳಾಸಕ್ಕೇ. ಯಾವ ಪಾರ್ಸೆಲ್ ಯಾವ ರೂಮಿಗೆ ಅಂತ ಆಂಟಿ ಈ ಬುಕ್ಕಲ್ಲಿ ಬರ್ಕೋತಾರೆ. ಹೊರಗಿನವರಿಗೆ ಪಿಜಿ ವಿಳಾಸ ಗೊತ್ತು, ರೂಮ್ ನಂಬರ್ ಗೊತ್ತಿಲ್ಲ.

ರೌಟರ್ ಮಾಡೋದೂ ಇದನ್ನೇ. ನಿಮ್ಮ ಫೋನಿಗೆ ಮನೆಯೊಳಗೆ 192.168 ಅಂತ ಶುರುವಾಗೋ ಒಂದು ನಂಬರ್ ಇರುತ್ತೆ. ಅದು ಒಳಗಿನ ರೂಮ್ ನಂಬರ್, ಹೊರಗೆ ಅದಕ್ಕೆ ಬೆಲೆ ಇಲ್ಲ. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ನಮ್ಮ ಪಿಜಿಯಲ್ಲೂ ಇರಬಹುದು. ಫೋನಿಂದ ಹೊರಟ ಪ್ಯಾಕೆಟ್ ಮೇಲಿನ ಈ ನಂಬರನ್ನ ರೌಟರ್ ಅಳಿಸಿ ತನ್ನ ಅಡ್ರೆಸ್ ಬರೆಯುತ್ತೆ, ಜೊತೆಗೆ ಒಂದು ಪೋರ್ಟ್ ನಂಬರ್ ಹಾಕಿ ತನ್ನ ಪುಸ್ತಕದಲ್ಲಿ ಎಂಟ್ರಿ ಮಾಡ್ಕೊಳ್ಳುತ್ತೆ. ಉತ್ತರ ವಾಪಸ್ ಬಂದಾಗ ಎಂಟ್ರಿ ನೋಡಿ ಸರಿಯಾದ ಫೋನಿಗೆ ಕೊಡುತ್ತೆ. ಇದಕ್ಕೆ ನ್ಯಾಟ್ ಅಂತಾರೆ. ಐಪಿ ವರ್ಷನ್ 4ರಲ್ಲಿ ಒಟ್ಟು ಇರೋ ಅಡ್ರೆಸ್ಸೇ ಸುಮಾರು 429 ಕೋಟಿ, ಪ್ರಪಂಚದ ಎಲ್ಲ ಫೋನು, ಟಿವಿ, ಕ್ಯಾಮೆರಾಗೆ ಸಾಲಲ್ಲ. ಈ ಪರದಾಟ ಬರುತ್ತೆ ಅಂತ 1994ರಲ್ಲೇ ನ್ಯಾಟ್ ಉಪಾಯ ಬರೆದಿಟ್ಟಿದ್ರು.

ಒಂದು ಮಾತು ಗಮನ ಇಟ್ಕೊಳ್ಳಿ, ಇಡೀ ಕಥೆ ಅದರ ಮೇಲೇ ನಿಂತಿದೆ. ನಾವು ಒಳಗಿಂದ ಕೇಳಿದ್ದಕ್ಕೆ ಬಂದ ಉತ್ತರಕ್ಕೆ ಮಾತ್ರ ಪುಸ್ತಕದಲ್ಲಿ ಎಂಟ್ರಿ ಇರುತ್ತೆ. ಯಾರೂ ಕೇಳದೇ ಹೊರಗಿಂದ ತಾನಾಗೇ ಬಂದ ಪ್ಯಾಕೆಟ್ಟಿಗೆ ಎಂಟ್ರಿ ಇರಲ್ಲ. ಅದು ಬಾಗಿಲಲ್ಲೇ ನಿಲ್ಲುತ್ತೆ. ಒಂದೋ ರೌಟರ್ ಅದನ್ನ ಬಿಸಾಕುತ್ತೆ, ಇಲ್ಲ ತಾನೇ ಉತ್ತರ ಕೊಡುತ್ತೆ.

4/9
ಹಾಗಾದ್ರೆ ಎನ್‌ಮ್ಯಾಪ್‌ಗೆ ಆಪರೇಟಿಂಗ್ ಸಿಸ್ಟಂ ಹೇಗೆ ಗೊತ್ತಾಗುತ್ತೆ? ಆವತ್ತು ರಾತ್ರಿ ರೂಮಿ ಊಟ ಮಾಡಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ. ನಾನು ಫೋನ್ ಹಿಡ್ಕೊಂಡು ಮೂರು ಗಂಟೆವರೆಗೂ ಇದನ್ನೇ ಓದಿದೆ. ಅರ್ಧ ಪಶ್ಚಾತ್ತಾಪ, ಅರ್ಧ ಕುತೂಹಲ.

ಎನ್‌ಮ್ಯಾಪ್ ಬರೆದವರು ಗಾರ್ಡನ್ ಲಯನ್, ನೆಟ್‌ನಲ್ಲಿ ಫಿಯೋದರ್ ಅನ್ನೋ ಹೆಸರು. 1997ರ ಸೆಪ್ಟೆಂಬರ್‌ನಲ್ಲಿ ಫ್ರ್ಯಾಕ್ ಅನ್ನೋ ಪತ್ರಿಕೆಯಲ್ಲಿ ಕೋಡ್ ಸಮೇತ ಪ್ರಕಟ ಮಾಡಿದ್ರು. ಆಪರೇಟಿಂಗ್ ಸಿಸ್ಟಂ ಪತ್ತೆ ಮಾಡೋ ವಿದ್ಯೆ ಅದಕ್ಕೆ ಸೇರಿದ್ದು 1998ರಲ್ಲಿ.

ಉಪಾಯ ಇದು. ಎಲ್ಲ ಕಂಪ್ಯೂಟರೂ ಒಂದೇ ನಿಯಮದಲ್ಲಿ ಮಾತಾಡ್ತವೆ, ಆದ್ರೆ ಒಂದೊಂದಕ್ಕೂ ಒಂದೊಂದು ಧಾಟಿ. ನಾವು "ಏನ್ ಸಮಾಚಾರ" ಅಂದ್ರೆ ಮಂಡ್ಯದವನೂ ಧಾರವಾಡದವನೂ ಉತ್ತರ ಕೊಡ್ತಾರೆ, ಬಾಯಿ ಬಿಟ್ಟ ಕೂಡ್ಲೇ ಯಾವ ಕಡೆಯವನು ಅಂತ ಗೊತ್ತಾಗಲ್ವಾ, ಹಾಗೆ. ಪ್ರತಿ ಪ್ಯಾಕೆಟ್ಟಲ್ಲೂ ಟಿಟಿಎಲ್ ಅಂತ ಒಂದು ಸಂಖ್ಯೆ ಇರುತ್ತೆ. ವಿಂಡೋಸ್ ಅದನ್ನ 128ರಿಂದ ಶುರು ಮಾಡುತ್ತೆ. ಲಿನಕ್ಸ್, ಆಂಡ್ರಾಯ್ಡ್, ಆಪಲ್‌ನವು 64ರಿಂದ. ಕೆಲವು ದೊಡ್ಡ ನೆಟ್‌ವರ್ಕ್ ಮೆಷಿನ್‌ಗಳು 255ರಿಂದ. ದಾರಿಯಲ್ಲಿ ಸಿಗೋ ಒಂದೊಂದು ರೌಟರೂ ಒಂದೊಂದು ಕಳೀತಾ ಹೋಗುತ್ತೆ. ನಿಮ್ಮ ಹತ್ರ 117 ಅಂತ ಬಂದು ತಲುಪಿದ್ರೆ, ಹೊರಟಾಗ 128 ಇದ್ದಿರಬೇಕು, ಹನ್ನೊಂದು ರೌಟರ್ ದಾಟಿದೆ. ಎಸ್‌ಎಸ್‌ಎಲ್‌ಸಿ ಲೆಕ್ಕ.

ಇದರ ಜೊತೆಗೆ ಒಂದು ಸಲಕ್ಕೆ ಎಷ್ಟು ಡೇಟಾ ತಗೋತೀನಿ ಅಂತ ಹೇಳೋ ವಿಂಡೋ ಸೈಜು, ಕನೆಕ್ಷನ್ ಶುರು ಮಾಡುವಾಗ ಹಾಕೋ ಆಪ್ಷನ್‌ಗಳ ಕ್ರಮ, ತಪ್ಪು ಪ್ಯಾಕೆಟ್ ಕಳಿಸಿದ್ರೆ ಸುಮ್ಮನಿರುತ್ತಾ ಬಯ್ಯುತ್ತಾ, ಇವೆಲ್ಲ ನೋಡ್ತಾರೆ. ಎನ್‌ಮ್ಯಾಪ್‌ಗೆ ಮೈನಸ್ ಓ ಅಂತ ಕೊಟ್ರೆ ಅದು ಹದಿನಾರರವರೆಗೆ ಇಂಥ ಚಿತ್ರವಿಚಿತ್ರ ಪ್ಯಾಕೆಟ್ ಕಳಿಸಿ, ಬಂದ ಉತ್ತರಗಳನ್ನ ತನ್ನ ಪಟ್ಟಿ ಜೊತೆ ಹೋಲಿಸುತ್ತೆ.

ಮನೆಯಲ್ಲೇ ಟ್ರೈ ಮಾಡಿ. ನಿಮ್ಮದೇ ವೈಫೈನಲ್ಲಿ ಲ್ಯಾಪ್‌ಟಾಪಿಂದ ನಿಮ್ಮದೇ ಫೋನಿಗೆ ಪಿಂಗ್ ಮಾಡಿದ್ರೆ ಟಿಟಿಎಲ್ 64 ಅಂತ ಬರಬೇಕು. ವಿಂಡೋಸ್ ಲ್ಯಾಪ್‌ಟಾಪಿಗೆ ಮಾಡಿದ್ರೆ 128. ಉತ್ತರಾನೇ ಬರಲಿಲ್ಲ ಅಂದ್ರೆ ಗಾಬರಿ ಬೇಡ, ಫೈರ್‌ವಾಲ್ ಬಾಯಿ ಮುಚ್ಚಿಸಿರುತ್ತೆ.

5/9
ಎಷ್ಟು ಚಂದದ ವಿದ್ಯೆ ಅಲ್ವಾ? ನನಗೂ ಹಾಗೇ ಅನ್ನಿಸ್ತು. ಹಾಗಾದ್ರೆ ಸರ್ ಹೇಳಿದ್ದು ಸರಿನೇ, ರೂಮಿನೇ ಬರೆದಿರಬಹುದು ಅಂತ ಕತ್ತಲಲ್ಲಿ ಒಂದು ಹತ್ತು ನಿಮಿಷ ನಾನು ನಂಬಿದ್ದೆ. ಇದನ್ನ ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಲೋ ರೂಮಿ, ಈಗ ಓದ್ತಿದ್ರೆ ಗೊತ್ತಾಯ್ತಲ್ಲ.

ಆಮೇಲೆ ಆಂಟಿಯ ಬುಕ್ಕಿನ ವಿಷಯ ತಲೆಗೆ ಹೊಳೀತು. ಸರ್ ಸ್ಕ್ಯಾನ್ ಮಾಡಿದ್ದು ಹೊರಗಿಂದ. ಆ ಹದಿನಾರು ಪ್ಯಾಕೆಟ್ಟನ್ನ ನಮ್ಮ ಪಿಜಿಯಲ್ಲಿ ಯಾರೂ ಕರೆದಿಲ್ಲ. ಎಂಟ್ರಿ ಇಲ್ಲ. ಅಂದ್ಮೇಲೆ ಅವು ರೂಮಿಯ ಲ್ಯಾಪ್‌ಟಾಪ್‌ವರೆಗೆ ಬಂದೇ ಇಲ್ಲ. ಬಾಗಿಲು ತೆಗೆದವನ ಮುಖ ನೋಡಿ ಒಳಗೆ ಮಲಗಿರೋನ ಜಾತಕ ಬರೆದ ಹಾಗಾಯ್ತು.

ಬಾಗಿಲಲ್ಲಿ ಇದ್ದಿದ್ದು ಯಾರು? ರೌಟರ್. ಮನೆಮನೆಯ ವೈಫೈ ಡಬ್ಬಗಳಲ್ಲಿ ಬಹಳಷ್ಟು ಓಡೋದೇ ಲಿನಕ್ಸ್ ಮೇಲೆ. ಇದೇನು ಹೊಸದಲ್ಲ, 2002ರ ಕೊನೆಗೆ ಬಂದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನೋ ರೌಟರ್ ಒಳಗೆ ಲಿನಕ್ಸ್ ಇತ್ತು. ಮುಂದಿನ ವರ್ಷ ಅದರ ಸೋರ್ಸ್ ಕೋಡ್ ಹೊರಗೆ ಬಂದು, ಅದರಿಂದಲೇ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು.

ಇನ್ನೊಂದು ಇದೆ. ಎನ್‌ಮ್ಯಾಪ್ ಸರಿಯಾಗಿ ಹೇಳಬೇಕಂದ್ರೆ ಎದುರಿನ ಮೆಷಿನ್‌ನಲ್ಲಿ ಕನಿಷ್ಠ ಒಂದು ತೆರೆದ ಪೋರ್ಟು, ಒಂದು ಮುಚ್ಚಿದ ಪೋರ್ಟು ಸಿಗಬೇಕು. ಸಿಗದಿದ್ರೆ ಅದೇ ಎಚ್ಚರಿಕೆ ಪ್ರಿಂಟ್ ಮಾಡುತ್ತೆ: ಈ ಫಲಿತಾಂಶ ನಂಬೋ ಹಾಗಿಲ್ಲ ಅಂತ. ಆಮೇಲೆ ಊಹೆಗಳ ಪಟ್ಟಿ ಕೊಡುತ್ತೆ, ಪಕ್ಕದಲ್ಲಿ ಪರ್ಸೆಂಟೇಜ್ ಹಾಕಿ. ಕೆಲವರು ರೌಟರಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿಟ್ಟಿರ್ತಾರೆ, ಅಂದ್ರೆ ಇಂಥ ಪೋರ್ಟಿಗೆ ಬಂದಿದ್ದು ಸಿಸಿಟಿವಿ ಡಿವಿಆರ್‌ಗೆ, ಇಂಥದ್ದಕ್ಕೆ ಬಂದಿದ್ದು ಆಫೀಸ್ ಸರ್ವರ್‌ಗೆ ಅಂತ. ಆಗ ಒಂದೇ ಅಡ್ರೆಸ್ಸಿಂದ ಅರ್ಧ ಉತ್ತರ ಒಂದು ಮೆಷಿನ್ ಕೊಡುತ್ತೆ, ಇನ್ನರ್ಧ ಇನ್ನೊಂದು. ಎನ್‌ಮ್ಯಾಪ್ ಎರಡನ್ನೂ ಸೇರಿಸಿ ಯಾವುದೋ ಮೂರನೇದರ ಹೆಸರು ಹೇಳಬಹುದು.

ಫಸ್ಟ್ ಸೆಮ್‌ನಲ್ಲಿ ನಮಗೆ ಹೇಳಿಕೊಡ್ತಾರಲ್ಲ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲ ಅಂತಲ್ಲ. ಎರಡು ಅಂಕಕ್ಕೆ ಬರೆದು ಮರೆತಿದ್ದೆ.

6/9
ಶನಿವಾರ ಬೆಳಿಗ್ಗೆ ರೂಮಿಯನ್ನ ಎಬ್ಬಿಸಿ ಇದೆಲ್ಲ ಹೇಳಿದೆ. ಅವನು ಕೇಳಿಸ್ಕೊಂಡು, "ನನಗೆ ಗೊತ್ತು ಮಗಾ. ನಿನ್ನೆ ಸರ್‌ಗೆ ಹೇಳೋಕೆ ಹೋದೆ. ಹೇಳಿದಷ್ಟೂ ಇವನಿಗೆ ಇದೆಲ್ಲ ಗೊತ್ತಿದೆ ಅಂತ ಇನ್ನೂ ಡೌಟ್ ಜಾಸ್ತಿ ಆಯ್ತು" ಅಂದ. ಅದಕ್ಕೆ ನಾನೇ ಮಾಡಿ ತೋರಿಸೋದು ಅಂತಾಯ್ತು. ಬಿಕಾಂನವನ ಮೇಲೆ ಯಾರಿಗೂ ಅನುಮಾನ ಬರಲ್ಲ, ಅದೊಂದು ಅನುಕೂಲ.

ಭಾನುವಾರ ರಾತ್ರಿ ಹತ್ತೂವರೆ. ಆಂಟಿಗೆ ಹೇಳಿ ಎಲ್ಲರನ್ನೂ ಹಾಲ್‌ಗೆ ಕರೆದ್ವಿ. ಕ್ರಿಕೆಟ್ ಮ್ಯಾಚ್ ನಡೀತಿತ್ತು, ಬಯ್ಕೊಂಡೇ ಬಂದ್ರು. ಮೊದಲು ಪಿಜಿ ವೈಫೈನಲ್ಲಿ ನಮ್ಮ ಹೊರಗಿನ ಐಪಿ ಯಾವುದು ಅಂತ ನೋಡಿದ್ವಿ. ಕಾಲೇಜಲ್ಲಿ ಬರೆದುಕೊಂಡಿದ್ದ ಅಡ್ರೆಸ್ಸೇ ಇತ್ತು. ಆಮೇಲೆ ರೂಮಿಯ ಲ್ಯಾಪ್‌ಟಾಪನ್ನ ಶಟ್‌ಡೌನ್ ಮಾಡಿ ಆಂಟಿಯ ಕೈಗೆ ಕೊಟ್ವಿ. ಅವರು ಅದನ್ನ ಕೂಸಿನ ಥರ ತೊಡೆ ಮೇಲಿಟ್ಕೊಂಡು ಕೂತ್ರು. ನನ್ನ ಫೋನಿನ ಸಿಮ್ ಡೇಟಾದಿಂದ ಹಾಟ್‌ಸ್ಪಾಟ್ ಹಾಕಿ, ನನ್ನ ವಿಂಡೋಸ್ ಲ್ಯಾಪ್‌ಟಾಪಿಂದ ಸ್ಕ್ಯಾನ್ ಕೊಟ್ಟೆ. ಅಂದ್ರೆ ಹೊರಗಿಂದ, ಸರ್ ಮಾಡಿದ ಹಾಗೇ.

ಉತ್ತರ: ಲಿನಕ್ಸ್.

"ನೋಡಿದ್ರಾ" ಅಂದೆ. ಮೂರನೇ ರೂಮಿನವನು, "ಬೇರೆ ಯಾರದ್ದೋ ಇರಬೇಕು, ನಮ್ಮದೆಲ್ಲ ಆಫ್ ಮಾಡಿ ನೋಡು" ಅಂದ. ಸರಿ, ಹದಿನಾಲ್ಕು ಜನರ ವೈಫೈ ಆಫ್. ಲ್ಯಾಪ್‌ಟಾಪ್‌ಗಳೆಲ್ಲ ಆಫ್. ಟಿವಿಯ ಪ್ಲಗ್ ಕಿತ್ವಿ, ಹದಿನೆಂಟನೇ ಓವರಲ್ಲಿ! ಮತ್ತೆ ಸ್ಕ್ಯಾನ್.

ಲಿನಕ್ಸ್.

ನಾನು ಎದ್ದು ನಿಂತು ಭಾಷಣ ಶುರು ಮಾಡಿದೆ. ಫ್ರೆಂಡ್ಸ್, ಈ ಉತ್ತರ ಕೊಡ್ತಿರೋದು ರೌಟರ್, ರೌಟರ್ ಒಳಗೆ ಲಿನಕ್ಸ್ ಇದೆ, ಅಂತ. ಮುಗಿದೇ ಹೋಯ್ತು ಅಂದ್ಕೊಂಡಿದ್ದೆ. ಆಂಟಿ ಲ್ಯಾಪ್‌ಟಾಪ್ ಹಿಡ್ಕೊಂಡೇ ಕೇಳಿದ್ರು:

"ಅಲ್ಲ ಕಣೋ, ಹಂಗಾದ್ರೆ ಆ ಡಬ್ಬಾನೂ ಆರಿಸಿ ನೋಡ್ರೋ."

ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ರೂಮಿ ಮೆಟ್ಟಿಲ ಕೆಳಗೆ ಹೋಗಿ ಸ್ವಿಚ್ ಆರಿಸಿದ. ನಾಲ್ಕು ಹಸಿರು ಲೈಟೂ ಹೋಯ್ತು. ಈಗ ಪಿಜಿಯಲ್ಲಿ ನೆಟ್‌ಗೆ ಸೇರಿದ್ದು ಒಂದು ಸಾಮಾನೂ ಜೀವಂತ ಇಲ್ಲ. ಸ್ಕ್ಯಾನ್ ಕೊಟ್ಟು ಕಾದೆ. ಒಂದು ನಿಮಿಷದ ಮೇಲೆ ಉತ್ತರ ಬಂತು.

ಲಿನಕ್ಸ್.

ಯಾರೂ ಮಾತಾಡಲಿಲ್ಲ. "ದೆವ್ವ ಇರಬೇಕು" ಅಂದ ಮೂರನೇ ರೂಮಿನವನು.

7/9
ರೂಮಿ ರೌಟರ್ ಆನ್ ಮಾಡಿ, ಅದರ ಹಿಂದಿನ ಸ್ಟಿಕ್ಕರಲ್ಲಿದ್ದ ಪಾಸ್‌ವರ್ಡ್ ಹಾಕಿ ಸೆಟ್ಟಿಂಗ್ಸ್ ಪೇಜ್ ತೆಗೆದ. ಎಲ್ಲರೂ ಅವನ ಹೆಗಲ ಮೇಲೆ ಬಗ್ಗಿದ್ವಿ. ರೌಟರ್‌ಗೆ ಹೊರಗಡೆಯಿಂದ ಸಿಕ್ಕಿರೋ ಅಡ್ರೆಸ್ ಅಂತ ಅಲ್ಲಿ ಇದ್ದ ನಂಬರ್ ಶುರುವಾಗೋದೇ 100ರಿಂದ. ಕಾಲೇಜಿನ ಲಾಗ್‌ನಲ್ಲಿದ್ದ ನಂಬರೇ ಬೇರೆ, ಇದೇ ಬೇರೆ.

ರೂಮಿ ತಲೆ ಮೇಲೆ ಕೈ ಇಟ್ಕೊಂಡ. ಆಮೇಲೆ ನಕ್ಕ. ಶುಕ್ರವಾರದಿಂದ ಅವನು ನಕ್ಕಿದ್ದು ಅದೇ ಮೊದಲು.

100.64.0.0ರಿಂದ 100.127.255.255ರವರೆಗೆ ಸುಮಾರು 42 ಲಕ್ಷ ಅಡ್ರೆಸ್‌ಗಳನ್ನ 2012ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತ ಎತ್ತಿಟ್ಟಿದ್ದಾರೆ. ನಮ್ಮ ಕೇಬಲ್‌ನವರ ಹತ್ರ ಮನೆಗೊಂದು ಅಡ್ರೆಸ್ ಕೊಡೋಷ್ಟು ಇರಲ್ಲ. ಅದಕ್ಕೆ ಅವರೂ ನ್ಯಾಟ್ ಹಾಕಿರ್ತಾರೆ. ನಮ್ಮ ಪಿಜಿಯ ಹಾಗೆ ಎಷ್ಟೋ ಮನೆ, ಅಂಗಡಿ ಎಲ್ಲ ಸೇರಿ ಹೊರಗೆ ಕಾಣೋದು ಒಂದೇ ಅಡ್ರೆಸ್ಸಲ್ಲಿ. ಪಿಜಿ ಆಚೆ ಇನ್ನೊಂದು ದೊಡ್ಡ ಪಿಜಿ. ಅದರ ಬಾಗಿಲಲ್ಲಿ ಕೂತಿರೋ ಮೆಷಿನ್ ಲಿನಕ್ಸ್ ಥರ ಮಾತಾಡ್ತಿತ್ತು, ಅಷ್ಟೇ. ಮತ್ತೆ ನೋಡಿದ್ರೆ ಊಹೆಗಳ ಪಟ್ಟಿಯ ಕೆಳಗಡೆ ಮೈಕ್ರೋಟಿಕ್ ರೌಟರ್‌ಓಎಸ್ ಅಂತಾನೂ ಇತ್ತು. ಅದೂ ಲಿನಕ್ಸ್ ಕರ್ನಲ್ ಮೇಲೇ ಕಟ್ಟಿದ್ದು. ನಾವೂ ಮೊದಲನೇ ಸಾಲು ಓದಿ ನಿಲ್ಲಿಸಿದ್ವಿ, ಸರ್ ಥರಾನೇ.

ಅಂದ್ರೆ ಆ ಕೊಳಕು ಬರೆದವನು ನಮ್ಮ ಪಿಜಿಯವನೇ ಅನ್ನೋದೂ ಖಾತ್ರಿ ಇಲ್ಲ. ಬೀದಿಯ ಯಾವ ಮನೆಯವನಾದ್ರೂ ಆಗಿರಬಹುದು. ಇಂಥ ಕಡೆ ಅಡ್ರೆಸ್ ಜೊತೆಗೆ ಪೋರ್ಟ್ ನಂಬರೂ ಸರಿಯಾದ ಟೈಮೂ ಇದ್ರೆ ಮಾತ್ರ ಕಂಪನಿಯವರ ಪುಸ್ತಕದಲ್ಲಿ ಎಂಟ್ರಿ ಹುಡುಕಬಹುದು. ಸರ್ವರ್‌ಗಳು ಪೋರ್ಟನ್ನೂ ಬರೆದಿಡಬೇಕು ಅಂತ 2011ರಲ್ಲೇ ಒಂದು ಶಿಫಾರಸು ಬಂದಿದೆ. ಕಾಲೇಜಿನ ಲಾಗಲ್ಲಿ ಅದು ಇರಲಿಲ್ಲ.

ಇಲ್ಲಿ ಒಂದು ತಪ್ಪು ಒಪ್ಕೋಬೇಕು. ನಾವು ನಮ್ಮದೇ ಅಡ್ರೆಸ್ ಅಂತ ಮೂರು ಸಲ ಸ್ಕ್ಯಾನ್ ಹೊಡೆದಿದ್ದು ಬೇರೆಯವರ ಮೆಷಿನ್‌ಗೆ. ಗೊತ್ತಾದ ಕೂಡ್ಲೇ ನಿಲ್ಲಿಸಿದ್ವಿ. ನೀವು ಇದನ್ನ ಓದಿ ಎಲ್ಲಿಗೋ ಸ್ಕ್ಯಾನ್ ಹೊಡೀಬೇಡಿ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಂ ಒಳಗೆ ಕೈ ಹಾಕಿದ್ರೆ 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇವೆ, ಮೂರು ವರ್ಷದವರೆಗೆ ಜೈಲು ಆಗಬಹುದು. ಕಲೀಬೇಕು ಅಂದ್ರೆ ಎನ್‌ಮ್ಯಾಪ್‌ನವರೇ ಸ್ಕ್ಯಾನ್‌ಮಿ ಅಂತ ಒಂದು ಮೆಷಿನ್ ಇಟ್ಟಿದಾರೆ, ಅದಕ್ಕೆ ಹೊಡೀರಿ, ಇಲ್ಲ ನಿಮ್ಮ ಮನೆಯೊಳಗಿನ ಸಾಮಾನಿಗೆ.

8/9
"ಹಾಗಾದ್ರೆ ಒಂದು ಅಡ್ರೆಸ್ ಹಿಂದೆ ಏನೇನಿದೆ ಅಂತ ತಿಳಿಯೋಕೆ ಆಗೋದೇ ಇಲ್ವಾ?" ಇದನ್ನ ಆವತ್ತು ರಾತ್ರಿ ನಾನೇ ರೂಮಿಗೆ ಕೇಳಿದ್ದೆ. ಆಗುತ್ತೆ. ಆದ್ರೆ ಬಾಗಿಲು ತಟ್ಟಿ ಅಲ್ಲ, ಹೊರಗೆ ಬರೋರನ್ನ ಸುಮ್ಮನೆ ನೋಡ್ತಾ ಕೂತು.

ರೌಟರ್ ಪ್ಯಾಕೆಟ್ಟಿನ ಮೇಲಿನ ಅಡ್ರೆಸ್ ಬದಲಾಯಿಸುತ್ತೆ, ಒಳಗಿನ ಧಾಟಿಯನ್ನ ಸಾಮಾನ್ಯವಾಗಿ ಮುಟ್ಟಲ್ಲ. ಒಂದೇ ಅಡ್ರೆಸ್ಸಿಂದ ಬಂದ ಕನೆಕ್ಷನ್‌ಗಳಲ್ಲಿ ಕೆಲವಕ್ಕೆ ಟಿಟಿಎಲ್ 128ರ ಲೆಕ್ಕ, ಕೆಲವಕ್ಕೆ 64ರ ಲೆಕ್ಕ ಕಂಡ್ರೆ ಹಿಂದೆ ಕನಿಷ್ಠ ಎರಡು ಥರದವು ಇವೆ ಅಂತಾಯ್ತು. ಪಿಝೀರೋಎಫ್ ಅನ್ನೋ ಟೂಲ್ ಮಾಡೋದು ಇದನ್ನೇ. ಮೀಹಾವ್ ಜಲೆವ್‌ಸ್ಕಿ ಬರೆದಿದ್ದು, ಒಂದು ಪ್ಯಾಕೆಟ್ಟೂ ತಾನಾಗಿ ಕಳಿಸಲ್ಲ, ಬಂದಿದ್ದನ್ನ ಓದುತ್ತೆ ಅಷ್ಟೇ. ರೂಮಿ ತನ್ನ ಲ್ಯಾಪ್‌ಟಾಪನ್ನ ಹಾಟ್‌ಸ್ಪಾಟ್ ಮಾಡಿ, ನನ್ನ ಲ್ಯಾಪ್‌ಟಾಪು, ನಮ್ಮಿಬ್ಬರ ಫೋನು ಸೇರಿಸಿ ಓಡಿಸಿ ತೋರಿಸಿದ. ನನ್ನದು ವಿಂಡೋಸ್ ಅಂತ ಸರಿಯಾಗಿ ಹೇಳ್ತು. ಫೋನ್‌ಗಳಿಗೆ ಬರೀ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕ್ತು. ಅದರ ಪಟ್ಟಿ ಹಳೇದು.

ನನಗೆ ಬಹಳ ಇಷ್ಟ ಆಗಿದ್ದು ಇನ್ನೊಂದು. 2002ರಲ್ಲಿ ಸ್ಟೀವನ್ ಬೆಲೊವಿನ್ ಅನ್ನೋರು ನ್ಯಾಟ್ ಹಿಂದೆ ಎಷ್ಟು ಕಂಪ್ಯೂಟರ್ ಇವೆ ಅಂತ ಎಣಿಸೋ ಉಪಾಯ ಬರೆದ್ರು. ಪ್ರತಿ ಪ್ಯಾಕೆಟ್ಟಿಗೂ ಒಂದು ಐಡಿ ನಂಬರ್ ಇರುತ್ತೆ. ಆಗಿನ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಅದನ್ನ ಒಂದೊಂದಾಗಿ ಏರಿಸ್ತಾ ಹೋಗ್ತಿದ್ವು. ಕಾಮರ್ಸ್‌ನವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಒಂದು ಚೀಲದಲ್ಲಿ ಬಿಲ್ ಎಲ್ಲ ಕಲಸಿ ಹಾಕಿದಾರೆ, ಮೇಲೆ ಅಂಗಡಿ ಹೆಸರಿಲ್ಲ. ಆದ್ರೆ 501, 502, 503 ಅಂತ ಒಂದು ಸಾಲು, 8210, 8211 ಅಂತ ಇನ್ನೊಂದು ಸಾಲು ಸಿಕ್ರೆ, ಎರಡು ಬಿಲ್ ಬುಕ್ ಇವೆ ಅಂತ ಹೇಳಬಹುದಲ್ಲ. ಎಷ್ಟು ಸರಳ! ಈಗಿನ ಸಿಸ್ಟಂಗಳು ಆ ನಂಬರನ್ನ ಚೆಲ್ಲಾಪಿಲ್ಲಿ ಮಾಡ್ತವೆ ಇಲ್ಲ ಸೊನ್ನೆ ಇಡ್ತವೆ, ಅದಕ್ಕೆ ಈ ಉಪಾಯ ಮೊದಲಿನಷ್ಟು ನಡೆಯಲ್ಲ. 2005ರಲ್ಲಿ ಇನ್ನೊಂದು ತಂಡ ಒಂದೊಂದು ಮೆಷಿನ್‌ನ ಗಡಿಯಾರ ಎಷ್ಟು ಮುಂದೆ ಹಿಂದೆ ಓಡುತ್ತೆ ಅನ್ನೋದರ ಮೇಲೆ ಮೆಷಿನ್ ಗುರುತಿಸಿ ತೋರಿಸ್ತು.

ಇಷ್ಟೆಲ್ಲ ಆದ್ರೂ ಸಿಗೋದು ಮೆಷಿನ್. ಕೀಬೋರ್ಡ್ ಮೇಲೆ ಯಾರ ಕೈ ಇತ್ತು ಅಂತ ಯಾವ ಟೂಲೂ ಪ್ರಿಂಟ್ ಮಾಡಿಲ್ಲ. ಹೆಸರು ಪ್ರಿಂಟ್ ಮಾಡಿದ್ದು ನಾನು, ಕಾರಿಡಾರಲ್ಲಿ.

ಮತ್ತೆ, "ಅವನೊಬ್ಬನೇ ಸರ್" ಅಂದಿದ್ನಲ್ಲ, ಅದೂ ಸುಳ್ಳು. ಆಂಡ್ರಾಯ್ಡ್ ಓಡೋದು ಲಿನಕ್ಸ್ ಕರ್ನಲ್ ಮೇಲೆ. ಹದಿನಾಲ್ಕು ಹುಡುಗರಲ್ಲಿ ಹದಿಮೂರು ಜನರ ಜೇಬಲ್ಲಿ ಲಿನಕ್ಸ್ ಇತ್ತು. ಉಳಿದವನೊಬ್ಬನದ್ದು ಐಫೋನು, ಅದೂ ಇಎಂಐದು.

9/9
ಸೋಮವಾರ ರೂಮಿಯ ಅಪ್ಪ ಮೊದಲ ಬಸ್ಸಿಗೆ ಬಂದ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಪ್ರಿನ್ಸಿಪಾಲ್ ರೂಮ್ ಹೊರಗೆ ಬೆಂಚ್ ಇತ್ತು, ಕೂರಲಿಲ್ಲ, ಗೋಡೆಗೆ ಒರಗಿ ನಿಂತಿದ್ರು. ನಾನು ಹತ್ರ ಹೋದೆ.

"ತಮಾ, ಅದೇನೋ ಲಿನಕ್ಸ್ ಅಂತೆ. ಅದನ್ನ ಇಟ್ಕೊಂಡ್ರೆ ಕೇಸ್ ಆಗುತ್ತಾ?"

"ಇಲ್ಲ ಅಪ್ಪಾಜಿ, ಅದು ಫ್ರೀಯಾಗಿ ಸಿಗೋದು. ಯಾರು ಬೇಕಾದ್ರೂ ಇಟ್ಕೋಬಹುದು."

"ಹಂಗಾರೆ ಬೇರೆ ಲ್ಯಾಪ್‌ಟಾಪ್ ಕೊಡಿಸ್ಬೇಕಿತ್ತು ನಾನು" ಅಂದ್ರು. ನನಗೆ ಗಂಟಲು ಕಟ್ತು.

ಒಳಗೆ ಹೋದ್ವಿ. ನಾನು ಫೋಟೋಗಳನ್ನ ತೋರಿಸ್ತಾ ಹೋದೆ: ಲ್ಯಾಪ್‌ಟಾಪ್ ಹಿಡಿದ ಆಂಟಿ, ಆರಿದ ರೌಟರ್, ಆರಿದ ಮೇಲೂ ಬಂದ ಉತ್ತರ, 100ರಿಂದ ಶುರುವಾಗೋ ನಂಬರ್. ಲ್ಯಾಬ್ ಸರ್ ಅರ್ಧಕ್ಕೇ ಮುಂದೆ ಬಗ್ಗಿದ್ರು. ಅವರು ಕೆಟ್ಟವರಲ್ಲ. "ರೌಟರ್ ಆಫ್ ಮಾಡಿದ್ಮೇಲೂ ಬಂತಾ?" ಅಂತ ಎರಡು ಸಲ ಕೇಳಿದ್ರು. ಆಮೇಲೆ ಪ್ರಿನ್ಸಿಪಾಲ್ ಕಡೆ ತಿರುಗಿ, "ಇದರ ಮೇಲೆ ಏನೂ ಹೇಳೋಕಾಗಲ್ಲ ಸರ್, ನನ್ನದೇ ತಪ್ಪು" ಅಂದ್ರು. ಯಾವ ಬ್ರೌಸರ್, ಯಾವ ಫೋನು ಅಂತ ತಿಳಿಸೋ ಯೂಸರ್ ಏಜೆಂಟ್ ಅನ್ನಾದ್ರೂ ಲಾಗಲ್ಲಿ ಇಟ್ಟಿದ್ರೆ ಒಂದು ಸುಳಿವು ಸಿಗ್ತಿತ್ತು. ಅದನ್ನೂ ಬೇಕಾದ್ರೆ ಬದಲಾಯಿಸಬಹುದು ಬಿಡಿ.

ಪ್ರಿನ್ಸಿಪಾಲ್ ರೂಮಿಗೆ ಹೇಳಿದ್ದು, "ಇನ್ನು ಮುಂದೆ ಹುಷಾರಾಗಿರಿ." ಏನು ಮಾಡದವನು ಯಾವುದರಲ್ಲಿ ಹುಷಾರಾಗಿರಬೇಕು ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಸಾರಿ ಅಂತ ಯಾರೂ ಅನ್ನಲಿಲ್ಲ. ಬರೆದವನು ಸಿಗಲಿಲ್ಲ. ಮೇಡಂ ಗುರುವಾರ ಕ್ಲಾಸಿಗೆ ಬಂದು ಮಾರ್ಜಿನಲ್ ಕಾಸ್ಟಿಂಗ್ ಶುರು ಮಾಡಿದ್ರು.

ಮಧ್ಯಾಹ್ನ ಅಪ್ಪನನ್ನ ಬಸ್ ಸ್ಟ್ಯಾಂಡಿಗೆ ಬಿಡೋಕೆ ಇಬ್ಬರೂ ಹೋದ್ವಿ. ತಟ್ಟೆ ಇಡ್ಲಿ ತಿಂದ್ವಿ, ದುಡ್ಡು ಅವರೇ ಕೊಟ್ರು. ಬಟ್ಟೆ ಚೀಲದಲ್ಲಿದ್ದ ಹುರಿದ ಶೇಂಗಾ ನನ್ನ ಕೈಗೆ ಕೊಟ್ಟು, "ನೀನಿದ್ದೆ ಅಂತ ಆಯ್ತಪ್ಪ" ಅಂದ್ರು.

ಅದನ್ನ ಹಿಡ್ಕೊಂಡು ವಾಪಸ್ ಬರೋಕೆ ಆಗಲಿಲ್ಲ. ದಾರಿಯಲ್ಲೇ ರೂಮಿಗೆ ಹೇಳ್ಬಿಟ್ಟೆ. ಸರ್ ಕೇಳಿದ್ದು ನನ್ನನ್ನ, ಹೆಸರು ಹೇಳಿದ್ದು ನಾನು ಅಂತ.

ಅವನು ನಡೀತಾನೇ ಇದ್ದ. "ಗೊತ್ತು ಮಗಾ. ಶುಕ್ರವಾರಾನೇ ಗೊತ್ತಿತ್ತು."

"ಹೇಗೆ? ಸರ್ ಹೇಳಿದ್ರಾ?"

"ಇಲ್ಲ. ಪಿಜಿಯಲ್ಲಿ ಲಿನಕ್ಸ್ ಅನ್ನೋ ಪದ ಗೊತ್ತಿರೋದು ನಿನಗೊಬ್ಬನಿಗೇ."

ಆಮೇಲೆ ಶೇಂಗಾ ಪೊಟ್ಟಣ ಕಿತ್ಕೊಂಡು, ಅರ್ಧ ತಾನು ಸುರ್ಕೊಂಡು, ಉಳಿದಿದ್ದು ವಾಪಸ್ ಕೊಟ್ಟ.

#ಪಿಜಿಕಥೆ #ಬಿಕಾಂಡೈರಿ